ಸಾಂತ್-ವಾಂಗೆ ಹೊಸದಾಗಿ ಬಂದವರಿಗೆ: ರೆಡ್ ಸ್ಟಾರ್ ಕ್ಲಬ್ಬಿನ ಬಗ್ಗೆ

ಆತ್ಮೀಯರೇ,

ಪ್ಯಾರಿಸ್ಸಿನ ಉತ್ತರದ ಅಂಚಿನ ಸಾಂತ್-ವಾಂನಲ್ಲಿ ಮನೆ ಹಿಡಿದು ಎರಡು ತಿಂಗಳಾಯಿತೆಂದೂ, ಫ್ರೆಂಚ್ ಇನ್ನೂ ನಾಲಗೆಗೆ ಹತ್ತಿಲ್ಲವೆಂದೂ, ನೆರೆಯವರ ಪರಿಚಯ ಮೆಟ್ಟಿಲ ಮೇಲಿನ ಒಂದು ‘ಬೋಂಜೂರ್’ ದಾಟಿ ಮುಂದೆ ಹೋಗಿಲ್ಲವೆಂದೂ ಬರೆದಿದ್ದೀರಿ. ಪಂದ್ಯದ ಸಂಜೆ ಹಸಿರು-ಬಿಳಿ ಶಾಲು ಸುತ್ತಿಕೊಂಡು ನಿಮ್ಮ ಕಿಟಕಿಯ ಕೆಳಗೆ ಹಾಡುತ್ತಾ ಸಾಗುವ ಜನ ಯಾರು, ಎರಡನೆಯ ದರ್ಜೆಯ ಒಂದು ಫುಟ್‌ಬಾಲ್ ತಂಡಕ್ಕೆ ಇಷ್ಟು ಅಭಿಮಾನ ಏಕೆ, ಅವರ ಜೊತೆ ಕ್ರೀಡಾಂಗಣಕ್ಕೆ ಹೋಗಬಹುದೇ ಎಂದು ಕೇಳಿದ್ದೀರಿ. ಖಂಡಿತ ಹೋಗಿ ಎಂಬುದು ಇಲ್ಲಿ ಹತ್ತೊಂಬತ್ತು ವರ್ಷ ಬಾಳಿದ ನನ್ನ ಉತ್ತರ. ಆದರೆ ಹೋಗುವ ಮುನ್ನ ಆ ಕ್ಲಬ್ಬಿನ ಚರಿತ್ರೆಯನ್ನು ಸ್ವಲ್ಪ ತಿಳಿದುಕೊಳ್ಳಿ. ಈ ಊರಿನವರು ಅದನ್ನು ತಮ್ಮ ಮನೆತನದ ಕಥೆಯಂತೆ ಕಾಪಾಡಿಕೊಂಡು ಬಂದಿದ್ದಾರೆ.

ರೆಡ್ ಸ್ಟಾರ್ ಹುಟ್ಟಿದ್ದು 1897ರ ಫೆಬ್ರುವರಿ 21ರಂದು, ಪ್ಯಾರಿಸ್ಸಿನ ಒಂದು ಕೆಫೆಯಲ್ಲಿ. ಸ್ಥಾಪಕರಲ್ಲಿ ಮುಖ್ಯರಾದ ಜೂಲ್ ರಿಮೆ ಅವರಿಗೆ ಆಗ ಇಪ್ಪತ್ತಮೂರು ವರ್ಷ. ಆಟೋಟವೆಂದರೆ ಉಳ್ಳವರ ಬಿಡುವಿನ ವಿನೋದವಾಗಿದ್ದ ಆ ಕಾಲದಲ್ಲಿ, ಕಿರಾಣಿ ವ್ಯಾಪಾರಿಯ ಮಗನಾದ ರಿಮೆ ದುಡಿಯುವ ಮನೆಗಳ ಹುಡುಗರಿಗೂ ಬಾಗಿಲು ತೆರೆದಿರುವ ಸಂಘವೊಂದನ್ನು ಕಟ್ಟಬಯಸಿದರು. ಮುಂದೆ 1921ರಿಂದ 1954ರವರೆಗೆ ಫಿಫಾದ ಅಧ್ಯಕ್ಷರಾಗಿದ್ದು, 1930ರಲ್ಲಿ ಮೊದಲ ವಿಶ್ವಕಪ್ ನಡೆಸಿದವರೂ ಇವರೇ. ಹೆಸರಿನಲ್ಲಿ ಕೆಂಪು ನಕ್ಷತ್ರವಿರುವುದನ್ನು ನೋಡಿ ಇದು ಕಮ್ಯುನಿಸ್ಟರ ಕ್ಲಬ್ಬೆಂದು ಹೊಸಬರು ಭಾವಿಸುವುದುಂಟು. ನಾನೂ ಹಾಗೆಯೇ ತಿಳಿದಿದ್ದೆ. ರೆಡ್ ಸ್ಟಾರ್ ಲೈನ್ ಎಂಬ ಹಡಗು ಕಂಪನಿಯ ನೆನಪಿನಲ್ಲಿ ಇಂಗ್ಲಿಷ್ ಮಹಿಳೆಯೊಬ್ಬರು ಈ ಹೆಸರನ್ನು ಸೂಚಿಸಿದರೆಂಬ ಕಥೆ ಪ್ರಚಲಿತವಾಗಿದೆ. ಕಾರ್ಖಾನೆಗಳ ಊರಾದ ಸಾಂತ್-ವಾಂ ಎರಡನೆಯ ಮಹಾಯುದ್ಧದ ನಂತರ ದಶಕಗಳ ಕಾಲ ಕಮ್ಯುನಿಸ್ಟ್ ಮೇಯರುಗಳನ್ನು ಆರಿಸಿತು. ಹಳೆಯ ಹೆಸರು ಹೊಸ ಅರ್ಥವನ್ನು ಪಡೆದುಕೊಂಡದ್ದು ಹಾಗೆ.

ಕ್ಲಬ್ಬು ಈ ಊರಿಗೆ ಬಂದು ನೆಲೆಸಿದ್ದು 1909ರಲ್ಲಿ. ಅಂದು ಆರಂಭವಾದ ಮೈದಾನವೇ ಇಂದಿಗೂ ಅದರ ಮನೆ. 1921, 1922 ಮತ್ತು 1923ರಲ್ಲಿ ಸತತವಾಗಿ ಮೂರು ಸಲ, ಮತ್ತೆ 1928 ಹಾಗೂ 1942ರಲ್ಲಿ, ಒಟ್ಟು ಐದು ಬಾರಿ ಅದು ಫ್ರೆಂಚ್ ಕಪ್ ಗೆದ್ದಿತು. ಮೈದಾನಕ್ಕೆ ಅಧಿಕೃತವಾಗಿ ಬೇರೆ ಹೆಸರಿದ್ದರೂ ಎಲ್ಲರ ಬಾಯಲ್ಲಿ ಅದು ‘ಬೋಯೆರ್’. ನಾತ್ಸಿಗಳ ವಿರುದ್ಧ ಗುಪ್ತ ಹೋರಾಟದಲ್ಲಿ ತೊಡಗಿ 1942ರಲ್ಲಿ ಗುಂಡಿಗೆ ಬಲಿಯಾದ ವೈದ್ಯ ಜಾಂ-ಕ್ಲೋದ್ ಬೋಯೆರ್ ಅವರ ಹೆಸರನ್ನು ಮೈದಾನದ ಮುಂದಿನ ಬೀದಿಗೆ ಇಡಲಾಗಿದೆ; ಬೀದಿಯ ಹೆಸರೇ ಕ್ರಮೇಣ ಮೈದಾನಕ್ಕೂ ಅಂಟಿಕೊಂಡಿತು.

ಇನ್ನೊಂದು ಹೆಸರನ್ನು ನೀವು ಮರೆಯದೆ ಕಲಿಯಬೇಕು: ರಿನೊ ದೆಲ್ಲ ನೆಗ್ರ. ಇಟಲಿಯಿಂದ ವಲಸೆ ಬಂದ ದಂಪತಿಗೆ 1923ರಲ್ಲಿ ಉತ್ತರ ಫ್ರಾನ್ಸಿನಲ್ಲಿ ಹುಟ್ಟಿ, ಪ್ಯಾರಿಸ್ಸಿನ ಹೊರವಲಯದಲ್ಲಿ ಬೆಳೆದು, ಎಳೆಯ ವಯಸ್ಸಿಗೇ ಕಾರ್ಖಾನೆಗೆ ಸೇರಿದ್ದ ಈತ ಒಳ್ಳೆಯ ಫುಟ್‌ಬಾಲ್ ಆಟಗಾರ. 1943ರಲ್ಲಿ ಜರ್ಮನಿಗೆ ಹೋಗಿ ಕಡ್ಡಾಯವಾಗಿ ದುಡಿಯಬೇಕೆಂಬ ಆಜ್ಞೆ ಬಂದಾಗ ಅದನ್ನು ಧಿಕ್ಕರಿಸಿ ತಲೆಮರೆಸಿಕೊಂಡು, ವಲಸಿಗರೇ ಹೆಚ್ಚಾಗಿದ್ದ ಮಿಸಾಕ್ ಮನೂಷಿಯಾನ್ ಅವರ ನಾತ್ಸಿ-ವಿರೋಧಿ ಸಶಸ್ತ್ರ ಗುಂಪನ್ನು ಕೂಡಿಕೊಂಡ; ಅದೇ ವರ್ಷ ರೆಡ್ ಸ್ಟಾರ್ ತಂಡವನ್ನೂ ಸೇರಿದ. ನವೆಂಬರ್‌ನಲ್ಲಿ ಸೆರೆಸಿಕ್ಕ ಅವನನ್ನು 1944ರ ಫೆಬ್ರುವರಿ 21ರಂದು, ಕ್ಲಬ್ಬು ಹುಟ್ಟಿದ ದಿನಾಂಕದಂದೇ, ಮೋಂ-ವಲೇರಿಯಾಂ ಕೋಟೆಯಲ್ಲಿ ಸಂಗಾತಿಗಳ ಜೊತೆ ಗುಂಡಿಟ್ಟು ಕೊಂದರು. ಅವನಿಗಿನ್ನೂ ಇಪ್ಪತ್ತು ವರ್ಷ. ತಮ್ಮನಿಗೆ ಬರೆದ ಕೊನೆಯ ಪತ್ರದಲ್ಲಿ ಇಡೀ ರೆಡ್ ಸ್ಟಾರ್‌ಗೆ ತನ್ನ ನಮಸ್ಕಾರವನ್ನೂ ವಿದಾಯವನ್ನೂ ತಿಳಿಸುವಂತೆ ಅವನು ಕೇಳಿಕೊಂಡಿದ್ದ.

ನಾನು ಮೊದಲ ಸಲ ಬೋಯೆರ್‌ಗೆ ಹೋದದ್ದು ಫೆಬ್ರುವರಿಯ ಒಂದು ಸಂಜೆ, ಜಿಟಿಜಿಟಿ ಮಳೆಯಲ್ಲಿ. ರಿನೊನ ನೆನಪಿನ ಫಲಕದ ಕೆಳಗೆ ಯಾರೋ ಹೂಗುಚ್ಛ ಇಟ್ಟಿದ್ದರು. ಕಾಗದ ನೆನೆದು ಹೂದಂಟಿಗೆ ಮೆತ್ತಿಕೊಂಡಿತ್ತು. ನಾನು ತಡವರಿಸುತ್ತಾ ಅಕ್ಷರ ಓದುತ್ತಿದ್ದುದನ್ನು ಕಂಡ ಹಿರಿಯರೊಬ್ಬರು ಪಕ್ಕಕ್ಕೆ ಬಂದು ನಿಂತು, ನನಗೆ ಅರ್ಥವಾಗಲೆಂದು ಒಂದೊಂದೇ ಪದವನ್ನು ಬಿಡಿಸಿ ಬಿಡಿಸಿ ಇಡೀ ಕಥೆ ಹೇಳಿದರು. ಆಮೇಲೆ ತಮ್ಮ ಜೊತೆಗೇ ಸ್ಟ್ಯಾಂಡಿಗೆ ಕರೆದೊಯ್ದು ನಿಲ್ಲಿಸಿಕೊಂಡರು. ಈ ದೇಶದಲ್ಲಿ ಕಚೇರಿಯ ಹೊರಗೆ ನನ್ನೊಡನೆ ಒಬ್ಬರು ಅರ್ಧ ಗಂಟೆ ಮಾತನಾಡಿದ್ದು ಅದೇ ಮೊದಲು. ಅಭಿಮಾನಿಗಳು ಸೇರುವ ಆ ಸ್ಟ್ಯಾಂಡಿಗೆ ಇಂದು ರಿನೊ ದೆಲ್ಲ ನೆಗ್ರನ ಹೆಸರೇ ಇದೆ.

ಆಮೇಲಿನ ಚರಿತ್ರೆ ಬಹುಪಾಲು ಏಳುಬೀಳಿನದು. ಉನ್ನತ ದರ್ಜೆಯಲ್ಲಿ ಕ್ಲಬ್ಬು ಕೊನೆಯದಾಗಿ ಆಡಿದ್ದು 1974-75ರಲ್ಲಿ. ಹಣವಿಲ್ಲದೆ ಸೊರಗಿ, 2003ರಲ್ಲಿ ಪ್ರಾದೇಶಿಕ ಲೀಗಿನವರೆಗೂ ಕುಸಿಯಿತು. ಅಲ್ಲಿಂದ ಮೆಟ್ಟಿಲು ಮೆಟ್ಟಿಲಾಗಿ ಏರಿ 2015ರಲ್ಲಿ ಎರಡನೆಯ ದರ್ಜೆಯಾದ ಲೀಗ್ 2 ತಲುಪಿದಾಗ, ಶಿಥಿಲವಾಗಿದ್ದ ಬೋಯೆರ್ ಆ ದರ್ಜೆಯ ನಿಯಮಗಳಿಗೆ ಹೊಂದುವುದಿಲ್ಲವೆಂದು ದೂರದ ಬೋವೆ ಊರಿಗೆ ಹೋಗಿ ‘ತವರಿನ’ ಪಂದ್ಯ ಆಡಬೇಕಾಯಿತು. ಗೆದ್ದು ಮೇಲೇರಿದ್ದಕ್ಕೆ ಮನೆ ಬಿಡಬೇಕಾಗಿ ಬಂದ ಆ ನೋವನ್ನು ಹಳಬರು ಈಗಲೂ ತೋಡಿಕೊಳ್ಳುತ್ತಾರೆ. 2022ರಲ್ಲಿ ಅಮೆರಿಕದ ಹೂಡಿಕೆ ಸಂಸ್ಥೆಯೊಂದು ಕ್ಲಬ್ಬನ್ನು ಕೊಂಡಾಗ ಅಭಿಮಾನಿಗಳು ಬಲವಾಗಿ ಪ್ರತಿಭಟಿಸಿದರು. ಅವರ ಪ್ರತಿಭಟನೆ ನ್ಯಾಯವಾದದ್ದೆಂದೇ ನನ್ನ ಭಾವನೆ. ತಂಡ 2024ರಲ್ಲಿ ಮತ್ತೆ ಲೀಗ್ 2 ಏರಿತು. ಮೈದಾನವನ್ನು ಸ್ಟ್ಯಾಂಡ್ ಬಿಟ್ಟು ಸ್ಟ್ಯಾಂಡ್ ಹೊಸದಾಗಿ ಕಟ್ಟಿದ್ದರಿಂದ ಈ ಸಲ ಊರು ಬಿಡುವ ಪ್ರಮೇಯ ಬರಲಿಲ್ಲ.

ಬೆಂಗಳೂರಿನ ಗೌತಮಪುರದ ಬೀದಿಗಳಲ್ಲಿ ಫುಟ್‌ಬಾಲನ್ನು ಉಸಿರಾಡುವ ಮನೆಗಳನ್ನು ನೋಡಿದ್ದರೆ ಇಲ್ಲಿನ ಜನ ನಿಮಗೆ ಹೊಸಬರೆನಿಸುವುದಿಲ್ಲ. ಸುರಕ್ಷತೆಯ ವಿಷಯದಲ್ಲಿ ಹೇಳುವುದಾದರೆ, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡ ತಂದೆಯರೂ ಅಜ್ಜಿಯರೂ ಅಲ್ಲಿರುತ್ತಾರೆ. ಜನಾಂಗದ್ವೇಷದ ಮಾತನ್ನು ಆ ಸ್ಟ್ಯಾಂಡಿನವರು ಸಹಿಸುವುದಿಲ್ಲ. ಪಂದ್ಯಕ್ಕೆ ಒಂದು ಗಂಟೆ ಮುಂಚೆಯೇ ಹೋಗಿ, ಎದುರಿನ ಕೆಫೆಯಲ್ಲಿ ಒಂದು ಕಾಫಿ ಕುಡಿಯಿರಿ. ಟಿಕೆಟನ್ನು ದೆಲ್ಲ ನೆಗ್ರ ಸ್ಟ್ಯಾಂಡಿಗೇ ಕೊಳ್ಳಿ. ದಾರಿ ಕೇಳುವಾಗ ‘ಬೋಯೆರ್’ ಎಂದರೆ ಸಾಕು, ನಿಮ್ಮ ಮೆಟ್ಟಿಲ ಮೇಲಿನ ನೆರೆಯವರಲ್ಲೇ ಯಾರಾದರೂ ಜೊತೆಗೆ ಹೊರಟಾರು.