ಡೆತ್-ಥ್ರ್ಯಾಶ್ ಡೆಮೊಗೆ ಬೆಂಗಳೂರೇ ಬೇಕಾ? ಕಾಫಿ ಗೋದಾಮು ಸಾಕು

ನಿಮ್ಮ ಪ್ರಶ್ನೆ ಇಷ್ಟು: ಮಡಿಕೇರಿಯಲ್ಲಿ ನಾಲ್ಕು ಜನರ ಡೆತ್-ಥ್ರ್ಯಾಶ್ (ವೇಗದ, ಒರಟು ಮೆಟಲ್ ಸಂಗೀತ) ಬ್ಯಾಂಡ್ ಇದೆ, ಮೂರ್ನಾಲ್ಕು ಹಾಡಿನ ಡೆಮೊ, ಅಂದ್ರೆ ಆಲ್ಬಂಗೆ ಮುಂಚಿನ ಮಾದರಿ ರೆಕಾರ್ಡಿಂಗ್, ಮಾಡಬೇಕು, ಇರೋ ದುಡ್ಡಲ್ಲಿ ಬೆಂಗಳೂರಿಗೆ ಹೋಗಿ ಸ್ಟುಡಿಯೊ ಹಿಡಿಯೋದಾ, ಇಲ್ಲೇ ಏನಾದ್ರೂ ಮಾಡ್ಕೊಳ್ಳೋದಾ?

ಇಲ್ಲೇ ಮಾಡಿ. ಉಳಿದ ದುಡ್ಡು ಮಿಕ್ಸಿಂಗಿಗೆ, ಅಂದ್ರೆ ಎಲ್ಲಾ ವಾದ್ಯದ ಸದ್ದನ್ನ ಹದವಾಗಿ ಕೂಡಿಸೋ ಕೆಲಸಕ್ಕೆ, ಇಡಿ. ನಾನು ಬೇಸ್ ಬಾರಿಸ್ತಿದ್ದ ಬ್ಯಾಂಡಿನ ಡೆಮೊ ಆಗಿದ್ದು ಸಿದ್ದಾಪುರದ ಹತ್ತಿರ, ನಮ್ಮ ಡ್ರಮ್ಮರ್‌ನ ದೊಡ್ಡಪ್ಪನ ತೋಟದ ಗೋದಾಮಿನಲ್ಲಿ. ಗಂಟೆ ಲೆಕ್ಕದಲ್ಲಿ ಬಾಡಿಗೆ ಓಡ್ತಿರೋ ಕಡೆ ಕೂತ್ರೆ ಡ್ರಮ್ಮರ್ ಕಣ್ಣು ಗಡಿಯಾರ ಬಿಟ್ಟು ಅಲ್ಲಾಡಲ್ಲ. ನಿಮಿಷಕ್ಕೆ 200 ಬೀಟ್ (ಬಿಪಿಎಂ) ದಾಟಿದ ಹಾಡಿಗೆ ಕೈಕಾಲು ಬಿಸಿಯಾಗೋದ್ರೊಳಗೆ ಅರ್ಧ ದಿನದ ಬಾಡಿಗೆ ಹೋಗಿರುತ್ತೆ.

ಡೆಮೊ ಅಂದ್ರೆ ಆಲ್ಬಂ ಥರ ನುಣ್ಣಗಿರಬೇಕು ಅನ್ನೋ ಭಯ ಬಿಡಿ. ಈ ಸಂಗೀತ ಬೆಳೆದಿದ್ದೇ ಕೈಯಿಂದ ಕೈಗೆ ಕಾಪಿಯಾದ ಕ್ಯಾಸೆಟ್‌ಗಳಿಂದ. ಮೆಟಾಲಿಕಾದ 'ನೋ ಲೈಫ್ ಟಿಲ್ ಲೆದರ್' 1982ರ ಡೆಮೊ, ಅವರ ಮೊದಲ ಆಲ್ಬಂ ಬಂದಿದ್ದು 1983ರಲ್ಲಿ. ಅಷ್ಟರೊಳಗೆ ಆ ಟೇಪು ಅಂಚೆಯಲ್ಲೇ ಎಲ್ಲೆಲ್ಲೋ ಹೋಗಿ ಬ್ಯಾಂಡಿಗೆ ಹೆಸರು ತಂದಿತ್ತು. ಪೊಸೆಸ್ಡ್ ಅನ್ನೋ ಬ್ಯಾಂಡ್ 1984ರಲ್ಲಿ ಬಿಟ್ಟ ಡೆಮೊದ ಹೆಸರೇ 'ಡೆತ್ ಮೆಟಲ್'. ಫ್ಲಾರಿಡಾದ ಚಕ್ ಶುಲ್ಡಿನರ್ 'ಡೆತ್' ಬ್ಯಾಂಡಿನಲ್ಲಿ ಒಂದರ ಹಿಂದೆ ಒಂದು ಡೆಮೊ ಮಾಡ್ತಾ ಹೋದ. 1986ರ 'ಮ್ಯುಟಿಲೇಷನ್' ಆದಮೇಲೆ ಕಾಂಬ್ಯಾಟ್ ರೆಕಾರ್ಡ್ಸ್ ಅನ್ನೋ ಕಂಪನಿ ಕೈಹಿಡೀತು, 1987ರಲ್ಲಿ 'ಸ್ಕ್ರೀಮ್ ಬ್ಲಡಿ ಗೋರ್' ಆಲ್ಬಂ ಬಂತು. ಆ ಡೆಮೊಗಳನ್ನ ಇವತ್ತು ಹಾಕಿ ಕೇಳಿ. ಒರಟು ಅಂದ್ರೆ ಒರಟು, ಆದ್ರೆ ಒಂದು ರಿಫ್ಫೂ (ಗಿಟಾರಿನಲ್ಲಿ ಮತ್ತೆ ಮತ್ತೆ ಬರೋ ತುಣುಕು) ಕಳೆದುಹೋಗಿಲ್ಲ. ನೀವು ಗುರಿ ಇಡಬೇಕಾಗಿದ್ದು ಅಷ್ಟಕ್ಕೇ.

ಜಾಗಕ್ಕಿಂತ ಮೊದಲು ಕಾಲ ನೋಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕೆಲಸದ ಮಾತೇ ಬೇಡ. ಶೀಟಿನ ಮೇಲೆ ಮಳೆ ಹೊಡೆಯೋ ಸದ್ದು ಎಲ್ಲಾ ಮೈಕಿಗೂ ನುಗ್ಗುತ್ತೆ, ತಂತಿ ತುಕ್ಕು ಹಿಡಿಯುತ್ತೆ, ಬೆಳಿಗ್ಗೆ ಟ್ಯೂನ್ ಮಾಡಿದ ಗಿಟಾರ್ ಮಧ್ಯಾಹ್ನಕ್ಕೆ ಬೇರೆಯದೇ ಶ್ರುತಿ ಹೇಳುತ್ತೆ, ಕರೆಂಟ್ ಹೋದ್ರೆ ಯಾವಾಗ ಬರುತ್ತೆ ಅಂತ ಹೇಳೋರಿಲ್ಲ. ಕೊಯ್ಲು ಮುಗಿಯುತ್ತಾ ಬರೋ ಫೆಬ್ರವರಿ-ಮಾರ್ಚ್ ಒಳ್ಳೇದು. ಕಾಫಿ ಹೂ ಅರಳಿಸೋ ಹೂಮಳೆ ಬಿದ್ರೆ ನಿಮ್ಮದೊಂದು ಸಂಜೆ ಹಾಳು, ತೋಟದವರಿಗೆ ಹಬ್ಬ. ಅವರ ಎದುರು ಗೊಣಗಬೇಡಿ. ಹೂಮಳೆ ಕೈಕೊಟ್ರೆ ಸ್ಪ್ರಿಂಕ್ಲರ್‌ಗೆ ಡೀಸೆಲ್ ಪಂಪ್ ಓಡಿಸ್ತಾರೆ, ಅದರ ಸದ್ದೂ ಮೈಕಿಗೆ ಬರುತ್ತೆ. ಯಾವ ಬ್ಲಾಕಿಗೆ ಯಾವತ್ತು ನೀರು ಅಂತ ತೋಟದ ಲೆಕ್ಕ ನೋಡೋ ರೈಟರ್‌ನ ಮೊದಲೇ ಕೇಳಿಟ್ಟುಕೊಳ್ಳಿ.

ಆ ಹೊತ್ತಿಗೆ ಗೋದಾಮಿನಲ್ಲಿ 50 ಕೆ.ಜಿ.ಯ ಕಾಫಿ ಚೀಲ ಅಟ್ಟಿ ಹಾಕಿರ್ತಾರೆ. ಖಾಲಿ ಗೋದಾಮಲ್ಲಿ ಸ್ನೇರ್ (ಚಟ್ ಅನ್ನೋ ಸಣ್ಣ ಡ್ರಮ್) ಹೊಡೆದ್ರೆ ಗುಂಯ್ ಅಂತ ಗೋಡೆಯಿಂದ ಗೋಡೆಗೆ ಓಡಾಡುತ್ತೆ, ಚೀಲದ ಅಟ್ಟಿ ಬೆನ್ನಿಗಿರೋ ಮೂಲೆಯಲ್ಲಿ ಡ್ರಮ್ ಹೂಡಿದ್ರೆ ಆ ಕಾಟ ಬಹಳ ಇಳಿಯುತ್ತೆ. ಎದುರುಗಡೆ ಹಗ್ಗ ಕಟ್ಟಿ ದಪ್ಪ ಕಂಬಳಿ ಇಳಿಬಿಡಿ. ಸಿಗರೇಟು ಮಾತ್ರ ಹೊರಗೆ. ಕಾಫಿ ಪಕ್ಕದ ವಾಸನೆಯನ್ನೆಲ್ಲ ಎಳ್ಕೊಳ್ಳುತ್ತೆ, ದೊಡ್ಡಪ್ಪ ಎರಡನೇ ಸಲ ಬೀಗದ ಕೈ ಕೊಡಲ್ಲ.

ತಗಡಿನ ಸೂರು ನಿಜವಾದ ಶತ್ರು. ಕಿಕ್ (ಕಾಲಲ್ಲಿ ಬಾರಿಸೋ ದೊಡ್ಡ ಡ್ರಮ್) ಒತ್ತಿದಾಗೆಲ್ಲ ಎಲ್ಲೋ ಒಂದು ಕಡೆ ಜರ್ರ್ ಅಂತ ನಡುಗು ಕೇಳ್ತಿತ್ತು. ಡ್ರಮ್ಮರ್ ಒಂದೇ ಸಮ ಕಿಕ್ ತುಳೀತಾ ಕೂತ, ಗಿಟಾರಿಸ್ಟ್ ಏಣಿ ಹತ್ತಿ ಒಂದೊಂದು ಬೋಲ್ಟಿನ ಪಕ್ಕ ಅಂಗೈ ಒತ್ತಿ ನೋಡ್ತಾ ಹೋದ. ಒಂದು ಕಡೆ ಒತ್ತಿದಾಗ ಸದ್ದು ಟಪ್ ಅಂತ ನಿಂತಿತು. ಬೋಲ್ಟಿನ ವಾಷರ್ ಒಣಗಿ ಉದುರಿತ್ತು. ಹಳೇ ಸೈಕಲ್ ಟ್ಯೂಬ್ ಕತ್ತರಿಸಿ ತುರುಕಿದ್ವಿ. ಈ ಕೆಲಸ ರೆಕಾರ್ಡಿಂಗಿನ ಹಿಂದಿನ ದಿನವೇ ಮುಗಿಸಿಬಿಡಿ, ನಡುಗು ಒಮ್ಮೆ ಟ್ರ್ಯಾಕಿಗೆ ಸೇರಿದ್ರೆ ಯಾವ ಇಂಜಿನಿಯರೂ ತೆಗೆಯಲಾರ.

ದುಡ್ಡು ಸುರಿಯೋದಿದ್ರೆ ಡ್ರಮ್ಮಿಗೆ ಸುರಿಯಿರಿ. ಹೊಸ ಹೆಡ್ (ಡ್ರಮ್ಮಿನ ಹೊದಿಕೆ) ಹಾಕಿಸಿ, ಮೈಕು ಬಾಡಿಗೆಗೆ ತನ್ನಿ. ನಾಲ್ಕು ಇನ್‌ಪುಟ್ಟಿನ ಇಂಟರ್‌ಫೇಸ್ (ಮೈಕನ್ನ ಲ್ಯಾಪ್‌ಟಾಪಿಗೆ ಸೇರಿಸೋ ಪೆಟ್ಟಿಗೆ) ಸಾಕು: ಕಿಕ್ಕಿಗೊಂದು ಮೈಕು, ಸ್ನೇರ್‌ಗೊಂದು, ಡ್ರಮ್ಮಿನ ಮೇಲೆ ತೂಗುಹಾಕೋ ಓವರ್‌ಹೆಡ್ ಮೈಕು ಎರಡು. ಸ್ನೇರ್‌ನ ನಡುಮಧ್ಯದಿಂದ ಎರಡೂ ಓವರ್‌ಹೆಡ್‌ಗೆ ದಾರ ಹಿಡಿದು ಅಳೆದು ಸಮದೂರದಲ್ಲಿಡಿ. ಅಳತೆ ತಪ್ಪಿದ್ರೆ ಒಂದೇ ಏಟು ಎರಡು ಮೈಕಿಗೂ ಹಿಂದುಮುಂದಾಗಿ ತಲುಪಿ, ಎರಡನ್ನೂ ಕೂಡಿಸಿದಾಗ ಸ್ನೇರ್ ಸೊರಗುತ್ತೆ. ಕಿವಿಗೆ ತಾಳ ಹಾಕೋ ಕ್ಲಿಕ್ ಇಟ್ಟುಕೊಂಡೇ ಬಾರಿಸಲಿ, ಆದ್ರೆ ಆಮೇಲೆ ಕಂಪ್ಯೂಟರಲ್ಲಿ ಕೂತು ಒಂದೊಂದು ಏಟನ್ನೂ ಗ್ರಿಡ್ಡಿಗೆ (ಅಳೆದಿಟ್ಟ ತಾಳದ ಗೆರೆಗೆ) ಎಳೆದು ಕೂರಿಸಬೇಡಿ. ಥ್ರ್ಯಾಶ್‌ನಲ್ಲಿ ಡ್ರಮ್ಮು ಕೂದಲೆಳೆಯಷ್ಟು ಮುಂದೆ ನುಗ್ತಿದ್ರೇನೇ ಮಜಾ. ಡಬಲ್ ಬೇಸ್ (ಎರಡೂ ಕಾಲಲ್ಲಿ ಕಿಕ್ ತುಳಿಯೋದು) ಸ್ಪಷ್ಟವಾಗೋಕೆ ಕಿಕ್ಕಿನ ಜೊತೆ ಸ್ವಲ್ಪ ಸ್ಯಾಂಪಲ್ (ಮೊದಲೇ ರೆಕಾರ್ಡ್ ಆದ ಕಿಕ್ಕಿನ ಸದ್ದು) ಬೆರೆಸಬಹುದು, ಪೂರ್ತಿ ಬದಲಾಯಿಸಿದ್ರೆ ಟೈಪ್‌ರೈಟರ್ ಕುಟ್ಟಿದ ಹಾಗಿರುತ್ತೆ.

ಗಿಟಾರ್ ವಿಷಯ ಬೇಗ ಮುಗಿಸ್ತೀನಿ. ಎಡಕ್ಕೊಂದು ಬಲಕ್ಕೊಂದು, ಎರಡು ಸಲ ಬಾರಿಸಲೇಬೇಕು. ಒಂದನ್ನೇ ಕಾಪಿ ಮಾಡಿ ಆಚೆ ಈಚೆ ಇಟ್ರೆ ಅಗಲ ಬರಲ್ಲ. ಪ್ರಾಕ್ಟೀಸಲ್ಲಿ ಇಡೋ ಗೇನ್‌ಗಿಂತ ಕಡಿಮೆ ಗೇನ್ (ಸದ್ದು ಒಡೆಯೋ ಪ್ರಮಾಣ) ಇಡಿ, ಇಲ್ಲಾಂದ್ರೆ ಅಂಗೈಯಲ್ಲಿ ತಂತಿ ಅದುಮಿ ಬಾರಿಸೋ ಪಾಮ್ ಮ್ಯೂಟ್ ಎಲ್ಲಾ ಕಲಸಿಹೋಗುತ್ತೆ. ಬಾಸ್ ಕಂಪನಿಯ ಎಚ್ಎಂ-2 ಪೆಡಲ್‌ನ ನಾಲ್ಕೂ ನಾಬ್ ಪೂರ್ತಿ ತಿರುಗಿಸಿ ಸ್ವೀಡನ್ನಿನ ಡೆತ್ ಮೆಟಲ್‌ನ ಗರಗಸದಂಥ ಸದ್ದು ತರೋ ಆಸೆ ಎಲ್ಲರಿಗೂ ಇರುತ್ತೆ, ಆದ್ರೆ ವೇಗದ ಥ್ರ್ಯಾಶ್ ರಿಫ್ಫಿಗೆ ಅದು ಹೊಂದಲ್ಲ ಅಂತ ನನ್ನ ಅಭಿಪ್ರಾಯ. ಬೇಸ್ ಗಿಟಾರಿಗೂ ಡಿಸ್ಟಾರ್ಷನ್ (ಒಡೆದ ಸದ್ದು) ಕೊಡಿ. ಬೇಸಿಸ್ಟ್ ಆಗಿ ಇದೊಂದು ಬೇಡಿಕೆ.

ತೋಟದ ಕರೆಂಟ್ ಲೈನಲ್ಲಿ ಯಾವುದಾದ್ರೂ ಕರೆಂಟ್ ಮೋಟಾರ್ ಶುರುವಾದ್ರೆ ವೋಲ್ಟೇಜ್ ಕುಸಿಯುತ್ತೆ. ಲ್ಯಾಪ್‌ಟಾಪ್ ಬ್ಯಾಟರಿಯಲ್ಲೇ ಓಡಲಿ; ಚಾರ್ಜರ್ ಕಿತ್ತ ಕೂಡಲೇ ಗಿಟಾರಿನ ಜುಂಯ್ ಸದ್ದು ಎಷ್ಟೋ ಸಲ ತಾನಾಗೇ ಹೋಗುತ್ತೆ. ಆನೆ ಓಡಾಡೋ ಕಡೆ ಇದ್ರೆ ಕತ್ತಲಾಗೋಕೆ ಮುಂಚೆ ಗಂಟುಮೂಟೆ ಕಟ್ಟಿ, ಇಲ್ಲಾ ಅಲ್ಲೇ ಮಲಗಿ. ರಾತ್ರಿ ಬೈಕಲ್ಲಿ ಹೊರಡೋ ಸಾಹಸ ಬೇಡ.

ಗಾಯಕನನ್ನ ಕೊನೆಗಿಡಿ. ಗ್ರೌಲ್ (ಗುರುಗುಟ್ಟೋ ಹಾಡಿಕೆ) ಹೊಟ್ಟೆಯಿಂದ ಬರಬೇಕು, ಗಂಟಲು ಉರೀತು ಅಂದ್ರೆ ಅವತ್ತಿಗೆ ಸಾಕು. ಕನ್ನಡದಲ್ಲಿ ಬರೆದಿದ್ರೆ ಒಂದು ತೊಡಕಿದೆ: ನಮ್ಮ ಪದಗಳು ಹೆಚ್ಚಾಗಿ ಸ್ವರದಲ್ಲೇ ಮುಗಿಯುತ್ವೆ, ರಿಫ್ ಟಕ್ಕಂತ ನಿಂತರೂ ಬಾಯಿ ಇನ್ನೂ ತೆರೆದೇ ಇರುತ್ತೆ. ನಿಲ್ಲಿಸೋ ಕಡೆ ಒತ್ತಕ್ಷರದ ಪದ ಇಟ್ಟು ಕೊನೇ ಸ್ವರ ನುಂಗೋಕೆ ಹೇಳಿ. ನಿಧಾನದ, ಭಾರದ ಡೂಮ್ ಭಾಗಕ್ಕೆ ಅದೇ ಸ್ವರ ವರ, ಎಷ್ಟು ಬೇಕಾದ್ರೂ ಎಳೀಬಹುದು. ಲೈನ್ ಮನೆಯವರಿಗೆ (ಕೆಲಸದವರ ಸಾಲುಮನೆ) ಮುಂಚೆಯೇ ತಿಳಿಸಿರಿ. ನಮ್ಮವನು ಶುರು ಮಾಡಿದಾಗ ರೈಟರ್ ಓಡಿ ಬಂದು, "ಯಾರಿಗೆ ಮೈಮೇಲೆ ಬಂತು?" ಅಂತ ಕೇಳಿದ್ರು. ವಿಷಯ ಗೊತ್ತಾದ ಮೇಲೆ ಅಲ್ಲೇ ಕೂತು ಪೂರ್ತಿ ಕೇಳಿದ್ರು, ಪಾಪ.

ಮಿಕ್ಸಿಂಗಿಗೆ ಮೆಟಲ್ ಗೊತ್ತಿರೋರನ್ನೇ ಹಿಡೀರಿ. 1998ರಿಂದ ಇರೋ ಕ್ರಿಪ್ಟೋಸ್‌ನಂಥ ಮೆಟಲ್ ಬ್ಯಾಂಡ್ ಇರೋ ಊರು ಬೆಂಗಳೂರು, ಕಿವಿ ಪಳಗಿದೋರು ಸಿಗ್ತಾರೆ. ಪ್ರತಿ ಟ್ರ್ಯಾಕನ್ನೂ ಸೊನ್ನೆ ಸೆಕೆಂಡಿನಿಂದಲೇ 24-ಬಿಟ್ ವೇವ್ ಫೈಲ್ ಮಾಡಿ ಕಳಿಸಿ, ಜೊತೆಗೆ ಪೆಡಲ್ ಇಲ್ಲದ ಡೈರೆಕ್ಟ್ ಗಿಟಾರೂ ಇರಲಿ, ಬೇಕಾದ್ರೆ ಅವರೇ ಆಂಪ್ ಹಾಕ್ಕೋತಾರೆ. ಹಾಡು ಮಾರೋ ವೆಬ್‌ಸೈಟ್ ಬ್ಯಾಂಡ್‌ಕ್ಯಾಂಪಲ್ಲಿ ಏರಿಸಿ, ಕೈಲಾದ್ರೆ ಒಂದಿಷ್ಟು ಕ್ಯಾಸೆಟ್ ಹಾಕಿಸಿ.

ನಿಮ್ಮ ಡ್ರಮ್ಮರ್‌ದು ಡಬಲ್ ಪೆಡಲ್ಲಾ (ಒಂದೇ ಕಿಕ್ಕಿಗೆ ಎರಡು ಪೆಡಲ್), ಎರಡು ಕಿಕ್ಕಾ ಅಂತ ತಿಳಿಸಿ. ಎರಡು ಕಿಕ್ ಅಂದ್ರೆ ನಾಲ್ಕು ಇನ್‌ಪುಟ್ ಸಾಲಲ್ಲ, ಎಂಟರದ್ದು ಬಾಡಿಗೆಗೆ ತರಬೇಕಾಗುತ್ತೆ.