ರಾಷ್ಟ್ರೀಯತೆಯ ಸಿದ್ಧಾಂತಗಳನ್ನು ಮೂರು ಮೆಟ್ಟಿಲು ಮಾಡಿ ಬರೆಯಬೇಡಿ

ಪ್ರಿಮಾರ್ಡಿಯಲಿಸಂ, ಆಮೇಲೆ ಮಾಡರ್ನಿಸಂ, ಆಮೇಲೆ ಎತ್ನೋ-ಸಿಂಬಾಲಿಸಂ. ಇವನ್ನು ಸಾಲಾಗಿ ಬರೆದು, ಕೊನೆಗೆ ಯಾವುದು ಸರಿ ಅಂತ ತೀರ್ಮಾನಿಸಿ, ಮುಂದಿನ ಅಧ್ಯಾಯದಲ್ಲಿ ಅದನ್ನು ಕರ್ನಾಟಕ ಏಕೀಕರಣಕ್ಕೆ ಅನ್ವಯಿಸಿದರೆ ಎಂ.ಎ. ಡಿಸರ್ಟೇಶನ್‌ಗೆ ಸಾಕಾಗುತ್ತಾ ಅಂತ ಕೇಳಿದ್ದೀರಿ. ಸಾಕಾಗಲ್ಲ. ನನ್ನ ಎಂ.ಫಿಲ್ ಥೀಸಿಸ್ ಥೇಟ್ ಹೀಗೇ ಇತ್ತು, ವಿಷಯವೂ ಏಕೀಕರಣವೇ. ವೈವಾ ದಿನ ಅದು ನನ್ನ ಕೈಗೇ ವಾಪಸ್ ಬಂತು. ತಿದ್ದಿ ಮತ್ತೆ ಕೊಡುವಷ್ಟರಲ್ಲಿ ಫೆಲೋಶಿಪ್ ಮುಗಿದಿತ್ತು, ನಾನು ಕಾಯುತ್ತಿದ್ದ ಲೆಕ್ಚರರ್ ಹುದ್ದೆಗೆ ಅರ್ಜಿ ಹಾಕುವ ದಿನವೂ ಕಳೆದಿತ್ತು.

ಮೂರರ ಸಾರ ನಿಮಗೆ ಗೊತ್ತೇ ಇದೆ. ರಾಷ್ಟ್ರ ಅನ್ನೋದು ರಕ್ತ, ಭಾಷೆ, ನೆಲದ ಜೊತೆ ಅನಾದಿಯಿಂದ ಬಂದದ್ದು ಅನ್ನೋದು ಮೊದಲನೆಯದು. ಅಲ್ಲ, ಕಾರ್ಖಾನೆ, ಮುದ್ರಣ, ಶಾಲೆ, ಆಧುನಿಕ ಸರ್ಕಾರ ಇವೆಲ್ಲ ಸೇರಿ ಈಚಿನ ಎರಡು ಶತಮಾನಗಳಲ್ಲಿ ಮಾಡಿದ್ದು ಅನ್ನೋದು ಎರಡನೆಯದು. ಆಧುನಿಕವೇ ಸರಿ, ಆದರೆ ಹಳೆಯ ನೆನಪು, ಪುರಾಣ, ಸಂಕೇತಗಳಿಲ್ಲದೆ ಅದು ನಿಲ್ಲುತ್ತಿರಲಿಲ್ಲ ಅನ್ನೋದು ಮೂರನೆಯದು. ಸೀನಿಯರ್ ಒಬ್ಬರ ನೋಟ್ಸ್‌ನಲ್ಲಿ ಇದನ್ನೇ ಒಂದು ಟೇಬಲ್ ಮಾಡಿ ಬರೆದಿತ್ತು. ನಾನು ಆ ಟೇಬಲನ್ನೇ ಬಿಡಿಸಿ ಅಧ್ಯಾಯ ಮಾಡಿದೆ. ಪ್ರತಿ ಮೆಟ್ಟಿಲೂ ಹಿಂದಿನದಕ್ಕಿಂತ ಮೇಲೆ, ಹಿಂದಿನವರ ತಪ್ಪನ್ನು ಮುಂದಿನವರು ತಿದ್ದಿದರು ಅಂತ. ಓದಲು ಚೆನ್ನಾಗಿತ್ತು, ನನ್ನ ಗೈಡ್‌ಗೂ ಇಷ್ಟವಾಗಿತ್ತು.

ವೈವಾದಲ್ಲಿ ಹೊರಗಿನಿಂದ ಬಂದಿದ್ದ ಎಕ್ಸಾಮಿನರ್ ಮೇಡಂ ಮೊದಲ ಅಧ್ಯಾಯ ತೆರೆದು, "ನೀವಿಲ್ಲಿ ಸೋಲಿಸಿರುವ ಪ್ರಿಮಾರ್ಡಿಯಲಿಸ್ಟ್ ಯಾರು? ಒಂದು ಹೆಸರು ಹೇಳಿ" ಅಂದರು. ಗೀರ್ಟ್ಸ್ ಅಂದೆ. "ಗೀರ್ಟ್ಸ್ ಇದರ ಬಗ್ಗೆ ಬರೆದ ಪ್ರಬಂಧವನ್ನು ಯಾವ ವಿಷಯದಿಂದ ಶುರು ಮಾಡುತ್ತಾರೆ?" ಅಂದರು. ನಾನು ಓದಿರಲಿಲ್ಲ. ಓದಿದವರನ್ನು ಓದಿದವರ ನೋಟ್ಸ್ ಓದಿದ್ದೆ.

ಉತ್ತರ ಅವರೇ ಹೇಳಿದರು. ಅಮೆರಿಕದ ಮಾನವಶಾಸ್ತ್ರಜ್ಞ ಕ್ಲಿಫರ್ಡ್ ಗೀರ್ಟ್ಸ್ 1963ರಲ್ಲಿ ಬರೆದ ಆ ಪ್ರಬಂಧ ಶುರುವಾಗುವುದೇ ನಮ್ಮ ಭಾಷಾವಾರು ಪ್ರಾಂತ್ಯಗಳ ಜಗಳದಿಂದ. 1948ರಲ್ಲಿ ನೆಹರು, ವಲ್ಲಭಭಾಯಿ ಪಟೇಲ್, ಪಟ್ಟಾಭಿ ಸೀತಾರಾಮಯ್ಯ ಈ ಮೂವರ ಸಮಿತಿ (ನಮ್ಮ ಪುಸ್ತಕಗಳಲ್ಲಿ ಬರುವ ಜೆ.ವಿ.ಪಿ. ಸಮಿತಿ ಇದೇ) ಕೂತು, ಇಷ್ಟು ದಿನ ಕಾಂಗ್ರೆಸ್ಸೇ ಒಪ್ಪಿಕೊಂಡು ಬಂದಿದ್ದ ಬೇಡಿಕೆಯನ್ನು ಈಗ ಕೊಡಬೇಕಾ ಬೇಡವಾ ಅಂತ ಯೋಚಿಸುತ್ತದಲ್ಲ, ಅಲ್ಲಿಂದ. ಅದೇ ವರ್ಷ ಅದಕ್ಕಿಂತ ಸ್ವಲ್ಪ ಮುಂಚೆ ದಾರ್ ಆಯೋಗ ಪರಿಶೀಲಿಸಿದ್ದು ಆಂಧ್ರ, ಕೇರಳ, ಮಹಾರಾಷ್ಟ್ರ, ಜೊತೆಗೆ ಕರ್ನಾಟಕ. ಏಕೀಕರಣದ ಮೇಲೆ ಥೀಸಿಸ್ ಬರೆದವನಿಗೆ, ತಾನು ಮೊದಲ ಮೆಟ್ಟಿಲಲ್ಲೇ ತಳ್ಳಿಹಾಕಿದ ಲೇಖಕ ತನ್ನ ವಿಷಯದ ಬಗ್ಗೆಯೇ ಬರೆದಿದ್ದಾನೆ ಅನ್ನುವುದು ಗೊತ್ತಿರಲಿಲ್ಲ.

ಈ ತಪ್ಪನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನೀವು ಈಗ ನಿಂತಿರುವುದು ಅದರ ಬಾಗಿಲಲ್ಲೇ. "ಓದಲಿಲ್ಲ" ಅನ್ನುವುದಷ್ಟೇ ಆಗಿದ್ದರೆ ಓದಿ ಸರಿಮಾಡಿಕೊಳ್ಳಬಹುದಿತ್ತು. ಆಮೇಲೆ ಓದಿದಾಗ ಗೊತ್ತಾಗಿದ್ದು, ಆ ಮೆಟ್ಟಿಲ ಮೇಲೆ ಯಾರೂ ನಿಂತೇ ಇಲ್ಲ. ಭಾಷೆ, ಧರ್ಮ, ಬಂಧುಬಳಗ, ಊರು ಇವು ಸೃಷ್ಟಿಯಿಂದಲೇ ಬಂದವು ಅಂತ ಗೀರ್ಟ್ಸ್ ಹೇಳುವುದಿಲ್ಲ. ಜನ ಅವನ್ನು ಹಾಗೆ ಅಂದುಕೊಂಡು ಬದುಕುತ್ತಾರೆ, ಹೊಸದಾಗಿ ಸ್ವಾತಂತ್ರ್ಯ ಬಂದ ದೇಶದ ಸರ್ಕಾರ ಅದರ ಜೊತೆ ಏಗಬೇಕು ಅಂತ ಹೇಳುತ್ತಾನೆ. ಅವನಿಗಿಂತ ಮುಂಚೆ 1957ರಲ್ಲಿ 'ಪ್ರಿಮಾರ್ಡಿಯಲ್' ಅನ್ನುವ ಪದ ಬಳಸಿದ ಸಮಾಜಶಾಸ್ತ್ರಜ್ಞ ಎಡ್ವರ್ಡ್ ಶಿಲ್ಸ್ ಮಾತಾಡಿದ್ದೂ ಸಂಬಂಧಗಳ ಸ್ವಭಾವದ ಬಗ್ಗೆ, ರಾಷ್ಟ್ರಗಳ ವಯಸ್ಸಿನ ಬಗ್ಗೆ ಅಲ್ಲ. ರಾಷ್ಟ್ರ ಅನಾದಿ ಅಂತ ನಂಬಿದವರು ಇದ್ದರು, ಜಾಸ್ತಿಯೇ ಇದ್ದರು. ಆದರೆ ಅವರು ಚಳವಳಿ ಕಟ್ಟಿದವರು, ಭಾಷಣ ಮಾಡಿದವರು. ಫ್ರೆಂಚ್ ಸೈನ್ಯ ಕೂತಿದ್ದ ಬರ್ಲಿನ್‌ನಲ್ಲಿ 1807–08ರಲ್ಲಿ ಜರ್ಮನ್ನರನ್ನು ಎಬ್ಬಿಸಲು ಮಾತಾಡಿದ ತತ್ವಜ್ಞಾನಿ ಫಿಕ್ಟೆ ಅಂಥವನು. ಚಳವಳಿಯ ಮಾತನ್ನೂ ಚಳವಳಿಯನ್ನು ವಿವರಿಸುವ ಮಾತನ್ನೂ ಒಂದೇ ಮೆಟ್ಟಿಲಿಗೆ ತುಂಬಿಸಿದ್ದು ನನ್ನ ಮೊದಲ ಎಡವಟ್ಟು.

ಇನ್ನು ಇಸವಿಗಳು. ಇದನ್ನು ನೀವೇ ಒಂದು ಹಾಳೆಯಲ್ಲಿ ಬರೆದು ನೋಡಿ. ಫ್ರೆಂಚ್ ವಿದ್ವಾಂಸ ಅರ್ನೆಸ್ಟ್ ರೆನಾನ್ ಪ್ಯಾರಿಸ್‌ನಲ್ಲಿ "ರಾಷ್ಟ್ರ ಎಂದರೇನು" ಅಂತ ಉಪನ್ಯಾಸ ಕೊಟ್ಟದ್ದು 1882ರಲ್ಲಿ. ಜನಾಂಗವಲ್ಲ, ಭಾಷೆಯಲ್ಲ, ಧರ್ಮವಲ್ಲ, ಒಟ್ಟಿಗಿರಬೇಕು ಅನ್ನುವ ಇಚ್ಛೆ, ಜೊತೆಗೆ ಹಿಂದೆ ಆದದ್ದನ್ನು ಮರೆಯುವ ಶಕ್ತಿ, ಇವೇ ರಾಷ್ಟ್ರ ಅಂದ. ಇತಿಹಾಸಕಾರ ಹನ್ಸ್ ಕೋನ್ ರಾಷ್ಟ್ರೀಯತೆಯ ಬಗ್ಗೆ ಬರೆದ ಪುಸ್ತಕ 1944. ರಾಷ್ಟ್ರೀಯತೆ ಯುರೋಪಿನಲ್ಲಿ 19ನೇ ಶತಮಾನದ ಶುರುವಿನಲ್ಲಿ ಹುಟ್ಟಿಸಿದ ಒಂದು ಸಿದ್ಧಾಂತ ಅಂತ ಖಡಾಖಂಡಿತವಾಗಿ ಹೇಳಿದ ಇತಿಹಾಸಕಾರ ಎಲಿ ಕೆದೂರಿ 1960. ಆಮೇಲೆ ಬರುತ್ತಾನೆ ನಿಮ್ಮ "ಮೊದಲ ಮೆಟ್ಟಿಲಿನ" ಗೀರ್ಟ್ಸ್, 1963. ಅಂದರೆ ಎರಡನೇ ಮೆಟ್ಟಿಲಿನ ಮಾತು ಮೊದಲನೆಯದಕ್ಕಿಂತ 80 ವರ್ಷ ಹಳೆಯದು. ಕಾಲಕ್ರಮದಲ್ಲಿ ಬೆಳವಣಿಗೆ ತೋರಿಸುತ್ತೇನೆ ಅಂತ ಹೊರಟ ಅಧ್ಯಾಯದಲ್ಲಿ ಕಾಲವೇ ಉಲ್ಟಾ ಇದ್ದರೆ ಯಾವ ಎಕ್ಸಾಮಿನರ್ ತಾನೇ ಒಪ್ಪುತ್ತಾರೆ?

ಇವೆರಡಕ್ಕಿಂತ ದೊಡ್ಡ ನಷ್ಟ ಬೇರೆ. ಗೆದ್ದ ಮೆಟ್ಟಿಲು ಯಾವುದು ಅಂತ ನಾನು ಮೊದಲೇ ತೀರ್ಮಾನಿಸಿಬಿಟ್ಟಿದ್ದೆ. ಮಾಡರ್ನಿಸಂ. ಹಾಗಾಗಿ ಆಲೂರು ವೆಂಕಟರಾಯರ 'ಕರ್ನಾಟಕ ಗತವೈಭವ'ದ (1917) ಮೇಲೆ ಬರೆದಿದ್ದ ಪುಟಗಳನ್ನು ಕಿತ್ತುಹಾಕಿದೆ. ಚಾಲುಕ್ಯರು, ರಾಷ್ಟ್ರಕೂಟರು, ವಿಜಯನಗರ ಇವನ್ನೆಲ್ಲ ಎತ್ತಿ ತೋರಿಸಿ "ನಾವು ಯಾರಾಗಿದ್ದೆವು ನೋಡಿ" ಅನ್ನುವ ಆ ಪುಸ್ತಕ ನನ್ನ ಲೆಕ್ಕಕ್ಕೆ ಕೂರುತ್ತಿರಲಿಲ್ಲ. ಕಾವೇರಿಯಿಂದ ಗೋದಾವರಿವರೆಗಿನ ನಾಡು ಅಂತ 9ನೇ ಶತಮಾನದ ಕವಿರಾಜಮಾರ್ಗ ಹೇಳುವುದನ್ನೂ ಅಡಿಟಿಪ್ಪಣಿಗೆ ತಳ್ಳಿದೆ. ನನ್ನ ಹತ್ತಿರ ಇದ್ದ ಒಳ್ಳೆಯ ಸಾಮಗ್ರಿಯೇ ಅದು. ಸಿದ್ಧಾಂತ ಉಳಿಯಲಿ ಅಂತ ಅದನ್ನು ಬಿಟ್ಟೆ.

ಹಾಗಾದರೆ ಈ ಸಿದ್ಧಾಂತಗಳು ಬೆಳೆದದ್ದು ಹೇಗೆ? ನನ್ನ ಅಭಿಪ್ರಾಯ ಇದು: ಪ್ರತಿಯೊಬ್ಬರೂ ತಮ್ಮ ಕಣ್ಣೆದುರು ಉರಿಯುತ್ತಿದ್ದ ಒಂದು ವಿಷಯಕ್ಕೆ ಉತ್ತರ ಕೊಟ್ಟರು. ಆ ಉರಿ ಯಾವುದು ಅಂತ ಬರೆಯದೆ ಸಿದ್ಧಾಂತವನ್ನಷ್ಟೇ ಬರೆದರೆ ಅದು ನೋಟ್ಸ್ ಆಗುತ್ತೆ, ಅಷ್ಟೇ. ಫ್ರಾನ್ಸ್ 1871ರಲ್ಲಿ ಅಲ್ಸಾಸನ್ನು, ಲೊರೇನಿನ ಒಂದು ಭಾಗವನ್ನು ಜರ್ಮನಿಗೆ ಕಳಕೊಂಡಿತ್ತು. ಅಲ್ಲಿಯವರು ಆಡುವುದು ಜರ್ಮನ್, ಹಾಗಾಗಿ ಅವರು ನಮ್ಮವರು ಅಂತ ಜರ್ಮನ್ ವಿದ್ವಾಂಸರು ವಾದಿಸುತ್ತಿದ್ದರು. ಭಾಷೆ ಮುಖ್ಯವಲ್ಲ, ಇಚ್ಛೆ ಮುಖ್ಯ ಅಂತ ರೆನಾನ್ ಯಾಕೆ ಹೇಳಿದ ಅನ್ನುವುದು ಈಗ ಗೊತ್ತಾಯಿತಲ್ವಾ? ಪ್ರಾಗ್‌ನಲ್ಲಿ ಹುಟ್ಟಿದ ಯಹೂದಿ ಕೋನ್ ಹಿಟ್ಲರನ ಕಾಲದಲ್ಲಿ ಅಮೆರಿಕದಲ್ಲಿ ಕೂತು ಬರೆದ. ಪಶ್ಚಿಮದ ರಾಷ್ಟ್ರೀಯತೆ ಪೌರರದ್ದು, ಪೂರ್ವದ್ದು ರಕ್ತದ್ದು ಅಂತ ಎರಡು ಭಾಗ ಮಾಡಿದ. ಬೆನೆಡಿಕ್ಟ್ ಆಂಡರ್ಸನ್‌ಗೆ ಕಾಡಿದ್ದು ವಿಯೆಟ್ನಾಂ, ಕಾಂಬೋಡಿಯಾ, ಚೀನಾ ಮೂರೂ ಕಮ್ಯುನಿಸ್ಟ್ ದೇಶಗಳಾಗಿದ್ದೂ 1978–79ರಲ್ಲಿ ಒಂದರ ಮೇಲೊಂದು ಬಿದ್ದದ್ದು. ಕಾರ್ಮಿಕರ ಒಗ್ಗಟ್ಟಿಗಿಂತ ರಾಷ್ಟ್ರ ಯಾಕೆ ಜಾಸ್ತಿ ಹಿಡಿಯುತ್ತೆ ಅನ್ನುವ ಪ್ರಶ್ನೆಯಿಂದ 1983ರ 'ಇಮ್ಯಾಜಿನ್ಡ್ ಕಮ್ಯುನಿಟೀಸ್' (ಕಲ್ಪಿತ ಸಮುದಾಯಗಳು) ಪುಸ್ತಕ ಬಂತು. ಅದೇ ವರ್ಷ ರಾಷ್ಟ್ರೀಯತೆಯ ಬಗ್ಗೆ ಅರ್ನೆಸ್ಟ್ ಗೆಲ್ನರ್ ಬರೆದ ಪುಸ್ತಕವೂ ಬಂತು, ಹಾಬ್ಸ್‌ಬಾಮ್ ಮತ್ತು ರೇಂಜರ್ ಸಂಪಾದಿಸಿದ, ಹಳೆಯದೆಂದು ಕಾಣುವ ಸಂಪ್ರದಾಯಗಳು ಎಷ್ಟು ಹೊಸವು ಅಂತ ತೋರಿಸುವ ಪುಸ್ತಕವೂ ಬಂತು.

ಗೆಲ್ನರ್ ವಿಷಯ ಬಂದಾಗ ಒಂದು ಸಂಗತಿ ಹೇಳದೆ ಮುಂದೆ ಹೋಗಲಾರೆ. ಮಾಡರ್ನಿಸ್ಟರಲ್ಲಿ ಗಟ್ಟಿ ದನಿ ಅವನದು. ಎತ್ನೋ-ಸಿಂಬಾಲಿಸಂ ಕಟ್ಟಿದ ಆಂಟನಿ ಸ್ಮಿತ್ ಅವನದೇ ಶಿಷ್ಯ, ಪಿ.ಎಚ್.ಡಿ. ಮಾಡಿದ್ದೇ ಅವನ ಬಳಿ. 1995ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನ ವಾರಿಕ್ ವಿಶ್ವವಿದ್ಯಾಲಯದಲ್ಲಿ ಗುರು-ಶಿಷ್ಯರು ಒಂದೇ ವೇದಿಕೆಯಲ್ಲಿ ವಾದಕ್ಕೆ ಕೂತರು. ದೇವರು ಸೃಷ್ಟಿಸಿದ ಆದಮನಿಗೆ ಹೊಕ್ಕುಳು ಇತ್ತೇ ಅನ್ನುವ ಹಳೆಯ ಪ್ರಶ್ನೆಯನ್ನು ಗೆಲ್ನರ್ ರಾಷ್ಟ್ರಗಳಿಗೆ ಕೇಳಿದ, ಇಲ್ಲಿ ಹೊಕ್ಕುಳು ಅಂದರೆ ನಿಜವಾದ ಹಳೆಯ ಬೇರು. ಕೆಲವಕ್ಕೆ ಹೊಕ್ಕುಳಿದೆ, ಕೆಲವಕ್ಕಿಲ್ಲ, ಇದ್ದರೂ ಇಲ್ಲದಿದ್ದರೂ ಅದು ಮುಖ್ಯವಲ್ಲ ಅಂದ. ಅವನು ಕೊಟ್ಟ ಉದಾಹರಣೆ ಎಸ್ಟೋನಿಯಾ. 19ನೇ ಶತಮಾನದ ಶುರುವಿನಲ್ಲಿ ತಮ್ಮನ್ನು ತಾವು ಕರೆದುಕೊಳ್ಳಲು ಒಂದು ಹೆಸರೂ ಇರದ ರೈತರು ಪೂರ್ತಿ ಒಂದು ರಾಷ್ಟ್ರ ಕಟ್ಟಿಕೊಂಡರು. ಸ್ಮಿತ್ ಒಪ್ಪಲಿಲ್ಲ. ಅಷ್ಟೊಂದು ಜನ ಅದಕ್ಕಾಗಿ ಪ್ರಾಣ ಕೊಡುವುದು ಯಾಕೆ ಅನ್ನುವುದಕ್ಕೆ ಹಳೆಯ ನೆನಪುಗಳಿಲ್ಲದೆ ಉತ್ತರ ಸಿಗಲ್ಲ ಅನ್ನುವುದು ಅವನ ಪಟ್ಟು. ಎರಡು ವಾರ ಕಳೆಯುವ ಮುಂಚೆ ಗೆಲ್ನರ್ ಪ್ರಾಗ್‌ನಲ್ಲಿ ತೀರಿಹೋದ. ಆ ವಾದ ತೀರ್ಮಾನವಾಗಲೇ ಇಲ್ಲ. ನಿಮ್ಮ ಮೂರನೇ ಮೆಟ್ಟಿಲು ಎರಡನೆಯದರ ಮೇಲೆ ಕೂತದ್ದಲ್ಲ, ಎರಡೂ ಒಂದೇ ಕೋಣೆಯಲ್ಲಿ ಎದುರುಬದುರಾಗಿ ಕೂತಿದ್ದವು.

ಈಗ ನಿಮ್ಮ ಏಕೀಕರಣಕ್ಕೆ ಬರೋಣ. ಮೊದಲ ಅಧ್ಯಾಯ ಬಿಟ್ಟುಬಿಡಿ, ಧಾರವಾಡದಿಂದ ಶುರು ಮಾಡಿ. ಗೆಲ್ನರ್ ಪ್ರಕಾರ ಕೈಗಾರಿಕಾ ಸಮಾಜಕ್ಕೆ ಒಂದೇ ಭಾಷೆ ಕಲಿತ, ಅಪರಿಚಿತರ ಜೊತೆ ಕೆಲಸ ಮಾಡಬಲ್ಲ ಜನ ಬೇಕು, ಅದಕ್ಕೇ ರಾಷ್ಟ್ರೀಯತೆ. ಸರಿ, 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದ ಧಾರವಾಡ ಯಾವ ಕೈಗಾರಿಕಾ ಊರು? ಒಂದೇ ಭಾಷೆಯ ಪತ್ರಿಕೆ, ಪುಸ್ತಕ ಓದುವವರು ತಾವೆಲ್ಲ ಒಂದು ಅಂತ ಕಲ್ಪಿಸಿಕೊಳ್ಳುತ್ತಾರೆ ಅನ್ನುವ ಆಂಡರ್ಸನ್ ಮಾತು ಜಾಸ್ತಿ ಹೊಂದುತ್ತೆ. 1843ರ 'ಮಂಗಳೂರು ಸಮಾಚಾರ' ಪತ್ರಿಕೆಯಿಂದ ಸಂಘದ ಪತ್ರಿಕೆ 'ವಾಗ್ಭೂಷಣ'ದವರೆಗೆ ಒಂದು ದಾರಿ ಕಾಣುತ್ತೆ. ಆದರೆ ಮೊದಲನೆಯದನ್ನು ಶುರು ಮಾಡಿದ್ದು ಬಾಸೆಲ್ ಮಿಷನ್ನಿನ ಪಾದ್ರಿ ಮೋಗ್ಲಿಂಗ್, ಲಾಭಕ್ಕೆ ಪ್ರೆಸ್ ಹಾಕಿದ ವ್ಯಾಪಾರಿ ಅಲ್ಲ. ಆಂಡರ್ಸನ್ ಹೇಳುವುದು ಲಾಭದ ಮುದ್ರಣ. ಅಲ್ಲಿ ನಿಲ್ಲಿ, ಅದನ್ನು ಬರೆಯಿರಿ.

ವಿದ್ವಾಂಸ ಪಾರ್ಥ ಚಟರ್ಜಿ 1990ರ ದಶಕದ ಶುರುವಿನಲ್ಲಿ ಆಂಡರ್ಸನ್‌ಗೆ ಕೇಳಿದ ಪ್ರಶ್ನೆ ಭಾರತದ ಯಾವ ವಿದ್ಯಾರ್ಥಿಯೂ ಬಿಡಬಾರದ ಪ್ರಶ್ನೆ: ಯುರೋಪ್, ಅಮೆರಿಕ ಎಲ್ಲ ಮಾದರಿಗಳನ್ನೂ ಮೊದಲೇ ಮಾಡಿಟ್ಟಿದ್ದರೆ ನಾವು ಕಲ್ಪಿಸಿಕೊಳ್ಳಲು ಉಳಿದದ್ದಾದರೂ ಏನು? ಅವರ ಉತ್ತರ, ನಾವು ಭಾಷೆ, ಸಾಹಿತ್ಯ, ಮನೆ, ಶಾಲೆ ಅನ್ನುವ ಒಳಗಿನ ಲೋಕವನ್ನು ಬ್ರಿಟಿಷರು ಮುಟ್ಟದ ಹಾಗೆ ಮೊದಲು ಕಟ್ಟಿಕೊಂಡೆವು, ರಾಜಕೀಯ ಆಮೇಲೆ ಬಂತು. ಬಂಗಾಳಕ್ಕೆ ಇದು ಅಚ್ಚುಕಟ್ಟಾಗಿ ಹೊಂದುತ್ತೆ. ಆದರೆ ಧಾರವಾಡದ ಶಾಲೆಗಳಲ್ಲಿ ಕನ್ನಡ ಸೆಣಸಬೇಕಾಗಿದ್ದು ಮುಖ್ಯವಾಗಿ ಮರಾಠಿಯ ಜೊತೆ. ಡೆಪ್ಯುಟಿ ಚೆನ್ನಬಸಪ್ಪನವರ ಕೆಲಸ ನೋಡಿ. ಅವರು ಕನ್ನಡ ಶಾಲೆ ಬೆಳೆಸಿದ್ದು ಬ್ರಿಟಿಷ್ ಸರ್ಕಾರದ ಶಿಕ್ಷಣ ಇಲಾಖೆಯ ಒಳಗಿದ್ದುಕೊಂಡೇ. ಒಳಗೆ-ಹೊರಗೆ ಅನ್ನುವ ಲೆಕ್ಕದಲ್ಲಿ ಪಕ್ಕದ ಮನೆಯ ಭಾಷೆಗೆ ಜಾಗವಿಲ್ಲ. ಇದನ್ನು ಹೇಳಿದರೆ ನೀವು ಹೊಸದೇನೋ ಹೇಳಿದಂತಾಗುತ್ತೆ.

ನನ್ನನ್ನು ಕೇಳಿದರೆ ನಿಮಗೆ ನಿಜಕ್ಕೂ ಉಪಯೋಗಕ್ಕೆ ಬರುವವನು ಮಿರೊಸ್ಲಾವ್ ಹ್ರೋಖ್. ನಮ್ಮ ಸಿಲೆಬಸ್‌ಗಳಲ್ಲಿ ಅವನ ಹೆಸರು ಕಾಣುವುದು ಕಮ್ಮಿ. ಚೆಕ್ ಇತಿಹಾಸಕಾರ, 1968ರಲ್ಲಿ ಪ್ರಾಗ್‌ನಲ್ಲಿ ಪುಸ್ತಕ ಪ್ರಕಟಿಸಿದ. ಚೆಕ್ಕರು, ನಾರ್ವೆಯವರು, ಎಸ್ಟೋನಿಯನ್ನರು, ಲಿಥುವೇನಿಯನ್ನರು ಹೀಗೆ ಸಣ್ಣ ಜನಸಮುದಾಯಗಳನ್ನು ತೆಗೆದುಕೊಂಡು, ಚಳವಳಿಗೆ ಸೇರಿದವರು ಯಾರು, ಎಲ್ಲಿ ಹುಟ್ಟಿದರು, ಅಪ್ಪ ಏನು ಮಾಡುತ್ತಿದ್ದ ಅಂತ ಪಟ್ಟಿ ಮಾಡಿದ. ಮೊದಲ ಹಂತದಲ್ಲಿ ವಿದ್ವಾಂಸರು ಭಾಷೆ, ಜಾನಪದ, ಇತಿಹಾಸ ಹುಡುಕುತ್ತಾರೆ. ಎರಡನೆಯದರಲ್ಲಿ ಒಂದು ಗುಂಪು ಅದನ್ನು ಜನರ ಬಳಿ ಒಯ್ಯುತ್ತದೆ. ಮೂರನೆಯದರಲ್ಲಿ ಜನ ಬರುತ್ತಾರೆ. ನಮ್ಮಲ್ಲಿ ರೈಸ್ ಮತ್ತು ಫ್ಲೀಟ್ ಶಾಸನ ಓದಿದ್ದು, ಕಿಟೆಲ್ ನಿಘಂಟು (1894) ಮೊದಲ ಹಂತ. ಆಲೂರು, 1915ರ ಸಾಹಿತ್ಯ ಪರಿಷತ್ತು, 1924ರ ಬೆಳಗಾವಿಯ ಏಕೀಕರಣ ಸಮ್ಮೇಳನ ಎರಡನೆಯದು. 1953ರಲ್ಲಿ ಹುಬ್ಬಳ್ಳಿ ಹತ್ತಿರದ ಅದರಗುಂಚಿಯಲ್ಲಿ ಶಂಕರಗೌಡರು ಉಪವಾಸ ಕೂತಾಗ ಜನ ಬೀದಿಗೆ ಬಂದರಲ್ಲ, ಅದು ಮೂರನೆಯದು. 1956ರ ನವೆಂಬರ್ 1 ಅದರ ಫಲ. ಇಷ್ಟು ಹೊಂದಿಸುವುದು ಸುಲಭ, ಇಲ್ಲಿಗೇ ನಿಲ್ಲಿಸಬೇಡಿ. ಹ್ರೋಖ್‌ನ ಹೆಚ್ಚಿನ ಚಳವಳಿಗಳು ಸ್ವಂತ ದೇಶದವರೆಗೆ ಹೋದವು. ನಮ್ಮವರು ಬೇರೆ ದೇಶ ಕೇಳಲೇ ಇಲ್ಲ. ಕರ್ನಾಟಕವೂ ಬೇಕು, ಭಾರತವೂ ಬೇಕು, ಎರಡಕ್ಕೂ ವಿರೋಧವಿಲ್ಲ ಅಂತ ಆಲೂರರು ಜೀವನವಿಡೀ ಹೇಳಿದರು. ಆಳುವ ಸರ್ಕಾರದ ಗಡಿಯೂ ರಾಷ್ಟ್ರದ ಗಡಿಯೂ ಒಂದೇ ಆಗಬೇಕು ಅನ್ನುವುದೇ ರಾಷ್ಟ್ರೀಯತೆ ಅಂತ ಗೆಲ್ನರ್ ಶುರು ಮಾಡುತ್ತಾನೆ. ಹಾಗಾದರೆ ಏಕೀಕರಣ ಏನು? ನಿಮ್ಮ ಡಿಸರ್ಟೇಶನ್‌ನ ಪ್ರಶ್ನೆ ಇದೇ ಆಗಲಿ. ಮೂರರಲ್ಲಿ ಯಾವುದು ಸರಿ ಅನ್ನುವುದು ಪ್ರಶ್ನೆಯೇ ಅಲ್ಲ.

ಕೆಲಸ ಹೀಗೆ ಶುರು ಮಾಡಿ. ರೆನಾನ್ ಉಪನ್ಯಾಸ ಚಿಕ್ಕದು, ಒಂದೇ ಕೂರಿಕೆಯಲ್ಲಿ ಮುಗಿಯುತ್ತೆ, ಮೂಲವನ್ನೇ ಓದಿ. ಗೀರ್ಟ್ಸ್ ಪ್ರಬಂಧವನ್ನು ಪೂರ್ತಿ ಓದಿ. ಆಮೇಲೆ ಧಾರವಾಡಕ್ಕೆ ಹೋಗಿ ಹಳೆಯ ಪತ್ರಿಕೆ, ಸಮ್ಮೇಳನದ ವರದಿಗಳಲ್ಲಿ ಸಿಗುವ ಹೆಸರುಗಳನ್ನೆಲ್ಲ ಬರೆದುಕೊಳ್ಳಿ: ಮೇಷ್ಟ್ರು ಎಷ್ಟು, ವಕೀಲರು ಎಷ್ಟು, ಯಾವ ಜಾತಿ, ಯಾವ ತಾಲ್ಲೂಕು, ನಿಜಾಮರ ಕಡೆಯವರು ಎಷ್ಟು. ಆ ಪಟ್ಟಿ ಕೈಯಲ್ಲಿದ್ದರೆ ಯಾವ ಎಕ್ಸಾಮಿನರ್ ಏನು ಕೇಳಿದರೂ ನಿಮ್ಮ ಹತ್ತಿರ ಹೇಳಲು ಏನಾದರೂ ಇರುತ್ತೆ.

ಗೈಡ್ ಮೂರು ಮೆಟ್ಟಿಲು ಬೇಕೇ ಬೇಕು ಅಂದರೆ ಜಗಳ ಆಡಬೇಡಿ. ಒಂದೂವರೆ ಪುಟದಲ್ಲಿ ಮುಗಿಸಿ, ಪ್ರತಿ ಹೆಸರಿನ ಪಕ್ಕ ಇಸವಿ ಹಾಕಿ. ಎನ್.ಇ.ಟಿ. ಬರೆಯುವುದಿದ್ದರೆ ಆ ಟೇಬಲ್ ಬೇಕಾಗುತ್ತೆ, ಪರೀಕ್ಷೆಗೆ ಅಂತ ಬಾಯಿಪಾಠ ಮಾಡಿಟ್ಟುಕೊಳ್ಳಿ.