ಮಧ್ಯಮ ನಿಲುವಿನವರಷ್ಟೇ ಗೆಲ್ಲೋದಾ?

ಪ್ರಶ್ನೆ: ಅಮೆರಿಕದ ಡೆಮಾಕ್ರಟಿಕ್ ಪಕ್ಷದ ಪ್ರೈಮರಿ (ಚುನಾವಣೆಗೆ ಅಭ್ಯರ್ಥಿ ಯಾರು ಅಂತ ಪಕ್ಷದೊಳಗೇ ಆರಿಸೋ ಮತದಾನ) ಬಂದಾಗಲೆಲ್ಲ ‘ಮಧ್ಯಮ ನಿಲುವಿನವರನ್ನು ನಿಲ್ಲಿಸಿದರೆ ಮಾತ್ರ ಗೆಲುವು’ ಅಂತಾರೆ. ನಿಜವಾ, ಸುಮ್ನೆ ಹೆದರಿಸೋದಾ?

ಉತ್ತರ: ಅರ್ಧ ನಿಜ. 2020ನ್ನೇ ನೋಡಿ. ಮಧ್ಯಮ ನಿಲುವಿನ ಜೋ ಬೈಡನ್ ಮೊದಲು ಮತದಾನ ನಡೆದ ರಾಜ್ಯಗಳಲ್ಲೇ ಹಿಂದೆ ಬಿದ್ದರು: ಅಯೋವಾದಲ್ಲಿ ನಾಲ್ಕನೆಯವರು, ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಐದನೆಯವರು. ಕಥೆ ಮುಗೀತು ಅಂದವರೇ ಜಾಸ್ತಿ. ಆಮೇಲೆ ಸೌತ್ ಕೆರೊಲಿನಾದಲ್ಲಿ ಮತದಾನಕ್ಕೆ ಮೂರು ದಿನ ಮೊದಲು ಅಲ್ಲಿನ ಪ್ರಭಾವಿ ಕಪ್ಪು ಸಂಸದ ಜಿಮ್ ಕ್ಲೈಬರ್ನ್ ಬೈಡನ್‌ಗೆ ಬೆಂಬಲ ಕೊಟ್ಟರು, ಕಪ್ಪು ಮತದಾರರು ಕೈಹಿಡಿದರು, ಪ್ರತಿಸ್ಪರ್ಧಿಗಳಾಗಿದ್ದ ಪೀಟ್ ಬುಟಿಜೆಜ್ ಮತ್ತು ಏಮಿ ಕ್ಲೋಬುಚರ್ ಕಣ ಬಿಟ್ಟು ಬೈಡನ್ ಬೆನ್ನಿಗೆ ನಿಂತರು, ಹಲವು ರಾಜ್ಯಗಳು ಒಂದೇ ದಿನ ಮತ ಹಾಕುವ ಮಾರ್ಚ್ 3ರ ಸೂಪರ್ ಟ್ಯೂಸ್‌ಡೇ ಹೊತ್ತಿಗೆ ಲೆಕ್ಕವೇ ತಲೆಕೆಳಗಾಯಿತು. ಟ್ರಂಪ್ ಅವರನ್ನು ಸೋಲಿಸೋರು ಯಾರು ಅನ್ನೋದೇ ತುಂಬ ಜನರ ಪ್ರಶ್ನೆಯಾಗಿತ್ತು.

ಅಧ್ಯಕ್ಷ ಚುನಾವಣೆಯಲ್ಲೂ ಬೈಡನ್ ಗೆದ್ದರು, ನಿಜ. ಆದರೆ ಗೆಲುವನ್ನು ನಿರ್ಧರಿಸಿದ ಜಾರ್ಜಿಯಾ, ಅರಿಜೋನಾ, ವಿಸ್ಕಾನ್ಸಿನ್ ರಾಜ್ಯಗಳನ್ನು ಮೂರೂ ಸೇರಿಸಿದರೂ ಅವರ ಮುನ್ನಡೆ 45 ಸಾವಿರ ಮತ ದಾಟಲಿಲ್ಲ. ಇಷ್ಟು ಸಣ್ಣ ಅಂತರದಲ್ಲಿ ಗೆಲ್ಲಿಸಿದ್ದು ಮಧ್ಯಮ ನಿಲುವೇ ಅಂತ ಯಾರು ಖಚಿತವಾಗಿ ಹೇಳೋದು? 2004ರಲ್ಲಿ ಜಾನ್ ಕೆರ್ರಿ, 2016ರಲ್ಲಿ ಹಿಲರಿ ಕ್ಲಿಂಟನ್ ಕೂಡ ‘ಗೆಲ್ಲೋ ಕುದುರೆ’ಗಳೇ ಆಗಿದ್ದರು, ಅಲ್ವಾ? ಇಬ್ಬರೂ ಸೋತರು.

ನನಗೆ ಬೇಸರ ತರೋದು ಬೇರೆ ವಿಷಯ. ಈ ವಾದದಲ್ಲಿ ಮತದಾರ ತನಗೆ ಯಾರು ಬೇಕು ಅಂತ ಕೇಳಿಕೊಳ್ಳೋದಿಲ್ಲ, ಪಕ್ಕದ ಮನೆಯವರು ಯಾರನ್ನು ಒಪ್ತಾರೆ ಅಂತ ಊಹಿಸ್ತಾನೆ. ಆ ಊಹೆಯಲ್ಲಿ ಮೊದಲು ಹೊರಬೀಳೋರು ಹೆಂಗಸರು, ಕಪ್ಪು ಜನ. ಒಬಾಮಾ ಬಗ್ಗೆಯೂ 2008ರಲ್ಲಿ ಇದೇ ಅನುಮಾನ ಇತ್ತು. ಅಯೋವಾದಲ್ಲಿ ಅವರು ಗೆದ್ದು ತೋರಿಸಿದ ಮೇಲೆಯೇ ಎಷ್ಟೋ ಕಪ್ಪು ಮತದಾರರೂ ಧೈರ್ಯವಾಗಿ ಅವರ ಕಡೆ ಬಂದರು.